ಕಡತ, ಓಲೆ ಓದುವುದನ್ನೇ ಕೆಲಸ ಮಾಡಿಕೊಂಡವರು ಇದ್ದೀರಾ?

ಪ್ರಶ್ನೆ, ಸಾಗರದಿಂದ: ಕನ್ನಡ ಎಂಎ ಮುಗಿಸಿದ್ದೇನೆ. ಮಲೆನಾಡನ್ನು ಆಳಿದ ಕೆಳದಿ ನಾಯಕರ ಕಾಲದ ತಾಳೆಗರಿ ಓಲೆ, ಬಟ್ಟೆಯ ಕಡತ ಓದಿ ಇಂಗ್ಲಿಷಿಗೆ ತರುವ ಆಸೆ. ಮನೆಯಲ್ಲಿ ಬಿಎಡ್ ಮಾಡು ಅಂತಿದ್ದಾರೆ. ಎಲ್ಲಿಂದ ಶುರು ಮಾಡಲಿ? ಹೊಟ್ಟೆ ತುಂಬುತ್ತಾ?

ತೀರ್ಥಹಳ್ಳಿಯಿಂದ: ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮೊದಲ ಎಂಟು ವರ್ಷ ಕರಡು ತಿದ್ದಿ ಹೊಟ್ಟೆ ಹೊರೆದೆ. ಬಿಎಡ್ ಮಾಡಿಟ್ಟುಕೊಳ್ಳಿ, ನಷ್ಟವಿಲ್ಲ.

ಲಿಪಿ ಆರು ತಿಂಗಳಲ್ಲಿ ಕಣ್ಣಿಗೆ ಹತ್ತುತ್ತದೆ. ಓಲೆಯಲ್ಲಿ ಪದಗಳ ಮಧ್ಯೆ ಜಾಗ ಬಿಟ್ಟಿರುವುದಿಲ್ಲ, ಅದೇ ತಲೆನೋವು. ಎ–ಏ, ಒ–ಓ ಹೆಚ್ಚಾಗಿ ಒಂದೇ ಥರ ಬರೆದಿರುತ್ತಾರೆ. ನಾನು ಎರಡು ದಿನ ‘ಕೊಡು’ ಅಂತ ಓದಿ ಒದ್ದಾಡಿದ ಕಡೆ ಇದ್ದದ್ದು ಗುಡ್ಡದ ‘ಕೋಡು’! ಗದ್ದೆಯ ಎಲ್ಲೆ ಹೇಳುವ ಸಾಲು ಅದು. ‘ಮಕ್ಕಿ’ ಅಂದರೆ ಮಳೆ ನೀರನ್ನೇ ನಂಬಿದ ಎತ್ತರದ ಗದ್ದೆ ಅಂತ ನಮ್ಮಜ್ಜಿಗೆ ಗೊತ್ತಿತ್ತು, ಎಂಎ ಮಾಡಿದ ನನಗೆ ಗೊತ್ತಿರಲಿಲ್ಲ.

ಇನ್ನು ಅನುವಾದ. ‘ಶಿಸ್ತು’ ಅನ್ನುವುದನ್ನು ಡಿಸಿಪ್ಲಿನ್ ಅಂತ ಬರೆದು ಅಚ್ಚಿಗೂ ಕೊಟ್ಟಿದ್ದೆ, ಮಾರಾಯ್ರೇ. ಅದು ಕೆಳದಿಯ ಅರಸ ಶಿವಪ್ಪ ನಾಯಕ ಗೊತ್ತು ಮಾಡಿದ ಭೂಕಂದಾಯ! ಈಗ ಶಿಸ್ತು, ಧಾನ್ಯದ ಅಳತೆಗಳಾದ ಖಂಡುಗ, ಕೊಳಗ, ಹಳೆಯ ಹಣದ ಲೆಕ್ಕದ ಹಾಗ, ವೀಸ ಎಲ್ಲ ಹಾಗೇ ಇಟ್ಟು ಕೆಳಗೆ ವಿವರ ಕೊಡುತ್ತೇನೆ. ಕೊಳಗ ಊರಿಂದೂರಿಗೆ ಬೇರೆ. ಅದನ್ನು ಕಿಲೋಗೆ ಇಳಿಸುವುದು ಸುಮ್ನೆ ಸುಳ್ಳು ಲೆಕ್ಕ.

ಹೊಸನಗರದಿಂದ: ನನ್ನ ತಪ್ಪು ನೀವು ಮಾಡಬೇಡಿ. ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಚಿದ್ದು. ಬರೆಯುತ್ತಿದ್ದದ್ದು ಬಳಪದಲ್ಲಿ. ಒಂಥರಾ ಸ್ಲೇಟೇ ಅಲ್ವಾ? ಧೂಳು ಜಾಸ್ತಿ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನಾಲ್ಕು ಸಾಲು ಅಳಿಸಿ ಕೈಗೆ ಬಂತು. ಆ ಮನೆಯ ಅಜ್ಜ ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು. ಅದೇ ಇನ್ನೂ ಚುಚ್ಚುತ್ತದೆ. ಮೊದಲು ಫೋಟೊ ತೆಗೆಯಿರಿ. ಮಳೆಗಾಲದಲ್ಲಿ ಕಟ್ಟು ಬಿಚ್ಚಲೇಬೇಡಿ.

ಶಿವಮೊಗ್ಗದಿಂದ: ತೇದಿ ಬಗ್ಗೆ ಹುಷಾರು. ಶಕವರ್ಷಕ್ಕೆ 78 ಸೇರಿಸಿದರೆ ಇಸವಿ, ಯುಗಾದಿಗೆ ಮುಂಚಿನ ಜನವರಿ–ಮಾರ್ಚ್ ತೇದಿಯಾದರೆ 79: ಶಕ 1685 ಶುರುವಾಗುವುದು 1763ರಲ್ಲಿ. ಬರೀ ಸಂವತ್ಸರದ ಹೆಸರಿದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಆಗ ಪತ್ರದಲ್ಲಿ ಯಾವ ನಾಯಕರ ಹೆಸರಿದೆ ನೋಡಿ. ಅಟ್ಟದ ಮೇಲಿನ ಸಂಸ್ಕೃತ ಓಲೆ ಓದಲಾಗದಿದ್ದರೆ ಗಾಬರಿ ಬೇಡ, ಸಂಸ್ಕೃತ ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿ ಇರಬಹುದು. ಅದನ್ನೂ ಕಲಿಯಿರಿ. ಕೆಳದಿ ಮ್ಯೂಸಿಯಂ ನಿಮಗೆ ಹತ್ತಿರವೇ ಇದೆ, ಹೋಗಿ ಓಲೆ ಹೇಗಿರುತ್ತದೆ ನೋಡಿ ಬನ್ನಿ.

ಸಾಗರದಿಂದ: ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಅಟ್ಟದಲ್ಲೂ ಒಂದು ಕಟ್ಟಿದೆ. ಇವತ್ತೇ ಇಳಿಸೋಣ ಅಂತಿದ್ದೆ. ಹೊರಗೆ ಮಳೆ ಹೊಡೀತಾ ಇದೆ, ದೀಪಾವಳಿ ಕಳೆಯಲಿ.