ಸಹಾಯ ಬೇಕು: ಸಿವಿಐ ಇರುವ ಮಗುವಿಗೆ ವಿಷನ್ ಥೆರಪಿ, ಉಡುಪಿ-ಮಂಗಳೂರು ಕಡೆ

ಎಲ್ಲರಿಗೂ ನಮಸ್ಕಾರ. ನಾವು ಉಡುಪಿ ಹತ್ತಿರದವರು. ಮಗಳಿಗೆ 2 ವರ್ಷ. ಸಿಡಿಕೆಎಲ್5 ಎಂಬ ಜೀನ್‌ನ ಅಪರೂಪದ ಕಾಯಿಲೆ ಇದೆ. ಎರಡನೇ ತಿಂಗಳಿಗೇ ಫಿಟ್ಸ್ ಶುರುವಾಗಿತ್ತು. ಮುಖ ನೋಡುವುದಿಲ್ಲ ಎಂದು ತೋರಿಸಿದರೆ "ಕಣ್ಣು ಸರಿ ಇದೆ" ಅಂದರು. ಒಂದು ವರ್ಷ ಸುಮ್ನೆ ಹೋಯಿತು. ಆಮೇಲೆ ಗೊತ್ತಾಯಿತು, ಇದು ಸಿವಿಐ, ಅಂದರೆ ಸೆರೆಬ್ರಲ್ ವಿಷುವಲ್ ಇಂಪೇರ್‌ಮೆಂಟ್. ಕಣ್ಣಿಗೆ ಬಿದ್ದದ್ದನ್ನು ಮಿದುಳು ಗುರುತಿಸುವುದಿಲ್ಲ. ಕನ್ನಡಕ ಹಾಕಿದರೆ ಹೋಗುವಂಥದ್ದಲ್ಲ. ಸಿಡಿಕೆಎಲ್5 ಇರುವ ಹೆಚ್ಚಿನ ಮಕ್ಕಳಿಗೆ ಇದೂ ಇರುತ್ತದಂತೆ.

ಕಪ್ಪು ಬಟ್ಟೆಯ ಮುಂದೆ ಕೆಂಪು ಲೋಟ ಹಿಡಿದು ಮೆಲ್ಲ ಅಲ್ಲಾಡಿಸಿದರೆ ನೋಡುತ್ತಾಳೆ. ಅದೂ ಸ್ವಲ್ಪ ಹೊತ್ತು ಕಾಯಬೇಕು. ಟಿವಿ ಓಡುತ್ತಿದ್ದರೆ, ಜನ ಜಾಸ್ತಿ ಇದ್ದರೆ ಅದೂ ಇಲ್ಲ. ಅಜ್ಜಿ ದೊಡ್ಡ ಹೂವಿನ ಸೀರೆ ಉಟ್ಟು ಬಂದರೆ ಮುಖ ತಿರುಗಿಸುತ್ತಿದ್ದಳು. ಪಾಪ, ಅವರಿಗೆ ತುಂಬಾ ಬೇಜಾರಾಗಿತ್ತು. ಈಗ ಒಂದೇ ಬಣ್ಣದ ಸೀರೆ ಉಡುತ್ತಾರೆ. ಫಿಟ್ಸ್ ಬಂದ ದಿನ ನೋಟ ಇನ್ನೂ ಕಮ್ಮಿ.

ಮಣಿಪಾಲ, ಉಡುಪಿ, ಮಂಗಳೂರಿನಲ್ಲಿ ಸಿವಿಐ ಗೊತ್ತಿರುವ ವಿಷನ್ ಥೆರಪಿಸ್ಟ್ ಅಥವಾ ಸ್ಪೆಷಲ್ ಟೀಚರ್ ಯಾರಾದರೂ ಇದ್ದಾರಾ? ಮನೆಗೆ ಬಂದು ಕಲಿಸುವವರಾದರೆ ಒಳ್ಳೆಯದು, ಬಸ್ಸಿನ ಗಲಾಟೆ ಅವಳಿಗೆ ಆಗುವುದಿಲ್ಲ. ನಿಮ್ಮ ಮಗುವಿಗೂ ಹೀಗಿದ್ದರೆ ಮೆಸೇಜ್ ಮಾಡಿ. ಎಣ್ಣೆ, ಸೊಪ್ಪಿನ ಮದ್ದು ದಯವಿಟ್ಟು ಹೇಳಬೇಡಿ, ಅದೆಲ್ಲ ಆಗಿದೆ.