ಅಪ್‌ಡೇಟ್: ಎರಡು ಆರು ಬಿದ್ದ ಮಂತ್ರದ ಜಗಳ ಬಗೆಹರಿಯಿತು

ಹೋದ ವಾರ ಕೇಳಿದ್ದೆನಲ್ಲ, ವಾರ್‌ಹ್ಯಾಮರ್ ಫ್ಯಾಂಟಸಿಯಲ್ಲಿ (ಮೇಜಿನ ಮೇಲೆ ಪುಟ್ಟ ಗೊಂಬೆ ಸೈನ್ಯ ಇಟ್ಟು ದಾಳ ಹಾಕಿ ಆಡುವ ಯುದ್ಧದ ಆಟ) ಮಂತ್ರ ಹಾಕುವಾಗ ಎರಡು ದಾಳಕ್ಕೆ ಆರು ಬಿದ್ದರೆ ಎದುರಾಳಿ ತಡೆಯಬಹುದಾ ಅಂತ. ತಡೆಯುವ ಹಾಗಿಲ್ಲ.

‘ನಿಮ್ಮಿಬ್ಬರ ನಿಯಮದ ಪುಸ್ತಕ ಒಂದೇನಾ, ಮೊದಲು ನೋಡಿ’ ಅಂದವರಿಗೆ ದೊಡ್ಡ ನಮಸ್ಕಾರ. ನನ್ನದು 2010ರ ಎಂಟನೇ ಆವೃತ್ತಿ, ಗೆಳೆಯನದು 2006ರ ಏಳನೆಯದು! ಏಳರಲ್ಲಿ ಮಾಂತ್ರಿಕನಿಗೆ ಎಡವಟ್ಟಾಗುವುದು, ಅಂದರೆ ಮಂತ್ರ ಅವನಿಗೇ ತಿರುಗಿಬೀಳುವುದು, ಎರಡು ದಾಳಕ್ಕೆ ಒಂದು ಬಿದ್ದಾಗ. ಎಂಟರಲ್ಲಿ ತಡೆಯಲಾಗದ ಮಂತ್ರ, ಎಡವಟ್ಟು ಎರಡೂ ಆ ಜೋಡಿ ಆರಿಗೇ ಬರುತ್ತವೆ.

‘ಜಗಳವಾದರೆ ದಾಳ ಹಾಕಿ ತೀರ್ಮಾನಿಸಿ’ ಅನ್ನೋ ಸಲಹೆ ನಮಗೆ ಆಗಿಬರಲಿಲ್ಲ. ಮುಂದಿನ ಸರದಿಗೇ ಮತ್ತೆ ಅದೇ ರಾಮಾಯಣ.

ಪುಟ ತಿರುವುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಮಂತ್ರದ ಹಂತದ ಶುರುವಿನಲ್ಲಿ ಎರಡು ದಾಳ ಹಾಕ್ತೀವಲ್ಲ, ಅದರ ಮೊತ್ತದಷ್ಟು ದಾಳ ಮಂತ್ರ ಹಾಕುವವನಿಗೆ. ತಡೆಯುವವನಿಗೆ ಎರಡರಲ್ಲಿ ದೊಡ್ಡ ಸಂಖ್ಯೆಯಷ್ಟೇ. 5 ಮತ್ತು 2 ಬಿದ್ದರೆ ನನಗೆ 7, ಅವನಿಗೆ 5. ಇಷ್ಟು ದಿನ ಅವನೂ ಏಳು ತಗೊಳ್ತಿದ್ದ, ನಾನೂ ಪೆದ್ದನ ಹಾಗೆ ಕೊಡ್ತಿದ್ದೆ.

ನಿನ್ನೆ ಎಂಟನೇ ಆವೃತ್ತಿ ಇಟ್ಟುಕೊಂಡೇ ಆಡಿದೆವು. ಆರು ದಾಳ ಒಟ್ಟಿಗೆ ಎಸೆದೆ, ಮೂರಕ್ಕೆ ಆರು! ಮಂತ್ರ ಹತ್ತಿತು. ನನ್ನ ಮಾಂತ್ರಿಕ ಮಾತ್ರ ಅಕ್ಕಪಕ್ಕದ ಅರ್ಧ ದಳದ ಸಮೇತ ಮೇಜು ಬಿಟ್ಟ.