ತಾಮೇಯ ಎಣ್ಣೆಗೆ ಬಿಟ್ಟ ತಕ್ಷಣ ಪುಡಿಪುಡಿ, ಏನು ತಪ್ಪು?

ಹಸಿದಹೊಟ್ಟೆ:
ಎರಡನೇ ಸಲವೂ ಸೋತೆ. ಕೈರೋಗೆ ಹೋದಾಗ ಬೆಳಗಿನ ತಿಂಡಿಗೆ ತಿಂದಿದ್ದ ತಾಮೇಯ, ಅಂದರೆ ಕಾಳು ರುಬ್ಬಿ ಕರಿದ ಹಸಿರು ವಡೆ, ಮನೆಯಲ್ಲಿ ಮಾಡೋಣ ಅಂತ ಹೊರಟೆ. ಒಣ ಫಾವಾ ಬೀನ್ಸ್ (ಅವರೆಯಂಥ ದೊಡ್ಡ ಕಾಳು) ನೆನೆಸಿ, ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ, ಸೊಪ್ಪಿನ ಜೊತೆ ರುಬ್ಬಿದೆ. ಎಣ್ಣೆಗೆ ಬಿಟ್ಟರೆ ಬಾಣಲೆ ತುಂಬ ಹಸಿರು ಮರಳು! ಮೈದಾ ಸೇರಿಸಿದೆ. ಒಡೆಯಲಿಲ್ಲ, ಆದರೆ ರಬ್ಬರ್. ಅಲ್ಲಿ ತಿಂದದ್ದು ಹೊರಗೆ ಗರಿಗರಿ, ಒಳಗೆ ಹಸಿರು, ಮೆತ್ತಗೆ. ಯಾರಿಗಾದರೂ ಗೊತ್ತಾ?

ನೈಲ್_ದಡದವಳು:
ಆ ಎರಡು ಸೀಟಿಯೇ ಕಳ್ಳ. ಬೀನ್ಸ್ ಬೇಯಿಸಲೇಬಾರದು. ನೆನೆಸಿದ್ದನ್ನು ಹಸಿಯಾಗಿಯೇ ರುಬ್ಬಬೇಕು. ಹಸಿ ಹಿಟ್ಟು ಎಣ್ಣೆಯಲ್ಲಿ ಬೇಯುವಾಗ ತಾನೇ ಬಿಗಿದುಕೊಳ್ಳುತ್ತದೆ. ಮೊದಲೇ ಬೆಂದು ನೀರು ಕುಡಿದಿದ್ದರೆ ಹಿಡಿದುಕೊಳ್ಳುವುದಕ್ಕೆ ಏನೂ ಉಳಿದಿರುವುದಿಲ್ಲ.

ನಾನು ಕೈರೋಗೆ ಅಂಟಿಕೊಂಡಿರುವ ಗೀಜಾದ ದೊಕ್ಕಿ ಬಡಾವಣೆಯಲ್ಲಿ ಮೂರು ವರ್ಷ ಇದ್ದೆ. ಕೆಳಗಿನ ಮನೆಯ ಅಜ್ಜಿ ಹೇಳಿಕೊಟ್ಟದ್ದು ಇದು. ಸಿಪ್ಪೆ ತೆಗೆದು ಎರಡು ಹೋಳಾಗಿರುವ ಒಣ ಫಾವಾ 250 ಗ್ರಾಂ, ರಾತ್ರಿಯಿಡೀ ನೆನೆಯಲಿ. ಸಿಪ್ಪೆ ಇರುವುದು ತಂದರೆ ಒಂದೊಂದನ್ನೂ ಸುಲಿಯುತ್ತಾ ಕೂರಬೇಕು, ಸುಮ್ನೆ ತಲೆನೋವು. ನೀರು ಪೂರ್ತಿ ಬಸಿಯಿರಿ. ಪಾರ್ಸ್ಲಿ, ಕೊತ್ತಂಬರಿ ಸೊಪ್ಪು, ಸಬ್ಬಸಿಗೆ ಒಂದೊಂದು ಹಿಡಿ, ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಜೀರಿಗೆ, ಧನಿಯಾ, ಉಪ್ಪು. ಅಲ್ಲಿ ಲೀಕ್ ಎಲೆಯನ್ನೂ ಹಾಕುತ್ತಾರೆ. ಸಿಗದಿದ್ದರೆ ಈರುಳ್ಳಿ ಹೂವಿನ ಎಲೆ ನಡೆಯುತ್ತದೆ. ಸೊಪ್ಪು ಕಡಿಮೆ ಮಾಡಬೇಡಿ, ಆ ಹಸಿರು ಅದರದ್ದೇ.

ರುಬ್ಬುವಾಗ ಒಂದು ಹನಿ ನೀರೂ ಬೇಡ. ತೊಳೆದ ಸೊಪ್ಪನ್ನೂ ಬಟ್ಟೆಯಲ್ಲಿ ಒರೆಸಿ. ಅಜ್ಜಿ ಒಂದು ಹಿಡಿ ಹಿಟ್ಟನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತಿದ್ದರು. ಬೆರಳ ಸಂದಿಯಿಂದ ನೀರು ಇಣುಕದೆ, ಉಂಡೆ ಹಾಗೇ ನಿಂತರೆ "ಖಲಾಸ್" ಅನ್ನುತ್ತಿದ್ದರು. ಅಂದರೆ ಸಾಕು, ಆಯಿತು.

ಕಾಲು ಚಮಚ ಅಡುಗೆ ಸೋಡಾ ಕರಿಯುವ ಮುಂಚೆ ಮಾತ್ರ. ನಾನೊಮ್ಮೆ ರಾತ್ರಿಯೇ ಕಲಸಿಟ್ಟು, ಬೆಳಿಗ್ಗೆ ಕಲ್ಲು ತಿಂದೆ. ಚಪ್ಪಟೆ ತಟ್ಟಿ, ಮೇಲೆ ಬಿಳಿ ಎಳ್ಳು ಒತ್ತಿ. ಎಣ್ಣೆ 175 ಡಿಗ್ರಿ ಇರಲಿ. ಮೊದಲು ಒಂದೇ ಒಂದು ಬಿಟ್ಟು ನೋಡಿ, ಅಷ್ಟು ತಾಳ್ಮೆ ಇದ್ದರೆ ಸಾಕು.

ಕಡಲೆಪ್ರೇಮಿ:
ಫಾವಾ ಬದಲು ಕಾಬೂಲಿ ಕಡಲೆ ಹಾಕಿದರೆ ಆಗಲ್ವಾ? ಎರಡೂ ಫಲಾಫೆಲ್, ಅಂದರೆ ಕಾಳಿನ ವಡೆ ತಾನೇ?

ನೈಲ್_ದಡದವಳು:
ಆಗುತ್ತದೆ, ಆದರೆ ಅದು ಲೆಬನಾನ್, ಸಿರಿಯಾ ಕಡೆಯ ರುಚಿ. ಈಜಿಪ್ಟಿನಲ್ಲಿ ಫಾವಾನೇ. ತಮಾಷೆ ಏನಂದ್ರೆ, ಕೈರೋದಲ್ಲಿ ತಾಮೇಯ ಅನ್ನುವುದನ್ನೇ ಅಲೆಕ್ಸಾಂಡ್ರಿಯಾದವರು ಫಲಾಫೆಲ್ ಅನ್ನುತ್ತಾರೆ. ಹೆಸರಿನ ಜಗಳಕ್ಕೆ ನಾನಿಲ್ಲ.

ಔಷಧಿಡಬ್ಬಿ:
ಒಂದು ಮಾತು. ಜಿ6ಪಿಡಿ ಕಿಣ್ವದ ಕೊರತೆ ಇರುವವರು ಫಾವಾ ಮುಟ್ಟಬಾರದು. ಕೆಂಪು ರಕ್ತಕಣ ಒಡೆದು ಅಪಾಯವಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಇದ್ದರೆ ಕಡಲೆಯದ್ದೇ ಮಾಡಿ.

ಹಸಿದಹೊಟ್ಟೆ:
ಅಕ್ಕಾ, ಇವತ್ತು ಮಾಡಿದೆ. ಮೊದಲನೆಯದು ಸ್ವಲ್ಪ ಬಿರುಕು ಬಿಟ್ಟಿತು. ಈರುಳ್ಳಿ ನೀರು ಬಿಟ್ಟಿರಬೇಕು. ಹಿಟ್ಟನ್ನು ಬಟ್ಟೆಯಲ್ಲಿ ಹಿಂಡಿದ ಮೇಲೆ ಒಂದೂ ಒಡೆಯಲಿಲ್ಲ. ಎಳ್ಳಿನ ತಹೀನಿಗೆ ನಿಂಬೆರಸ ಹಿಂಡಿ, ರೊಟ್ಟಿಯೊಳಗೆ ಟೊಮೆಟೊ ಜೊತೆ ತುಂಬಿ ತಿಂದೆವು. ಫೋಟೋ ತೆಗೆಯುವಷ್ಟರಲ್ಲಿ ತಟ್ಟೆ ಖಾಲಿ.